ಬೇರೆಯವರ ಕೈಗೆ ಕೆತ್ತಿದ ಹಿಡಿ: ಬಳಸಿದ ಏರ್ ಪಿಸ್ತೂಲಿಗೆ ಬೆಲೆ ಕಟ್ಟುವ ಬಗೆ

ಏಪ್ರಿಲ್ ತಿಂಗಳ ಒಂದು ಭಾನುವಾರ ಮಂಡ್ಯದ ಶಾಲಾ ಶಿಕ್ಷಕರೊಬ್ಬರು ಮಗಳನ್ನು ಕರೆದುಕೊಂಡು ಮೈಸೂರಿನ ನಮ್ಮ ಮನೆಗೆ ಬಂದರು. ಹುಡುಗಿ ಒಂಬತ್ತನೆಯ ತರಗತಿ ಓದುತ್ತಿದ್ದಾಳೆ. ವಾರಕ್ಕೆ ಮೂರು ಸಂಜೆ ರೈಲು ಹತ್ತಿ ಮೈಸೂರಿಗೆ ಬರುತ್ತಾಳೆ, ಶೂಟಿಂಗ್ ಕ್ಲಬ್ಬಿನ ಪಿಸ್ತೂಲಿಗಾಗಿ ಸರದಿ ಕಾಯುತ್ತಾಳೆ, ನಲವತ್ತೋ ಐವತ್ತೋ ಪೆಲೆಟ್ (ಸೀಸದ ಪುಟ್ಟ ಗುಂಡು) ಹಾರಿಸಿ ರಾತ್ರಿ ಊರಿಗೆ ಮರಳುತ್ತಾಳೆ. ತಂದೆಯ ಕೈಯಲ್ಲಿ ಒಂದು ಕಪ್ಪು ಪೆಟ್ಟಿಗೆ ಇತ್ತು. ಅದರೊಳಗೆ ಹತ್ತು ಮೀಟರ್ ಸ್ಪರ್ಧೆಗೆ ಬಳಸುವ, ಯುರೋಪಿನಲ್ಲಿ ತಯಾರಾದ ಏರ್ ಪಿಸ್ತೂಲು. ಕುವೆಂಪುನಗರದ ಯುವಕರೊಬ್ಬರು ಆಟ ನಿಲ್ಲಿಸಿ ಅದನ್ನು ಮಾರಲು ಇಟ್ಟಿದ್ದರು. ಎರಡು ದಿನ ನೋಡಿ ಹೇಳಿ ಎಂದು ನಂಬಿಕೆಯ ಮೇಲೆ ಕೊಟ್ಟು ಕಳುಹಿಸಿದ್ದರು.

"ಸಾರ್, ಹಿಡಿಗೆ ಬೀಟೆ ಮರ ಹಾಕಿಸಿದ್ದಾರೆ. ಟ್ರಿಗರ್ ತಿದ್ದಿಸಿದ್ದಾರೆ. ಗುರಿ ನೋಡುವ ಸೈಟ್ ಬೇರೆಯದು. ಇಷ್ಟೆಲ್ಲ ಮಾಡಿಸಿದ್ದೇವೆ, ಆದ್ದರಿಂದ ಹೊಸದರ ಮುಕ್ಕಾಲು ಬೆಲೆ ಆಗಬೇಕು ಎನ್ನುತ್ತಾರೆ. ನನಗೆ ಇದರಲ್ಲಿ ಏನೂ ತಿಳಿಯುವುದಿಲ್ಲ. ನೀವು ಹೇಳಿದರೆ ಹಾಗೆ," ಎಂದರು ಮೇಷ್ಟ್ರು.

ಇಂತಹ ಪಿಸ್ತೂಲು ಹೊಸದಾಗಿ ಕೊಳ್ಳಲು ಲಕ್ಷ ರೂಪಾಯಿಯನ್ನೂ ಮೀರಿದ ಹಣ ಬೇಕು. ಮೇಷ್ಟ್ರ ಮನೆಯಲ್ಲಿ ಅಂತಹ ಖರ್ಚು ಒಮ್ಮೆ ಮಾತ್ರ ಸಾಧ್ಯ. ತಪ್ಪು ಪಿಸ್ತೂಲು ಕೊಂಡರೆ ಹಣ ಹೋಗುವುದಲ್ಲದೆ ಮಗುವಿನ ಎರಡು ವರ್ಷದ ಅಭ್ಯಾಸವೂ ಕೆಡುತ್ತದೆ. ಆ ಪಿಸ್ತೂಲನ್ನು ನಾವು ಮೂವರೂ ಕೂತು ಪರೀಕ್ಷಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೈಸೂರು, ಮಂಡ್ಯದ ಸುತ್ತಮುತ್ತ ಮಕ್ಕಳಿಗೆ ಈ ಆಟ ಕಲಿಸುತ್ತಿರುವ ಬೇರೆ ಪೋಷಕರಿಗೂ ಇದು ನೆರವಾಗಲಿ ಎಂಬುದು ನನ್ನ ಆಸೆ.

ಮೊದಲು ಕಾನೂನಿನ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಮೀರದ ನಳಿಗೆಯ, 20 ಜೂಲ್ ಮೀರದ ಶಕ್ತಿಯ ಏರ್ ಪಿಸ್ತೂಲಿಗೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ಪಿಸ್ತೂಲಿನ ಶಕ್ತಿ ಈ ಮಿತಿಯ ಬಹಳ ಕೆಳಗೇ ಇರುತ್ತದೆ. ಸುಮಾರು ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಆರು ಜೂಲ್ ಕೂಡ ಆಗುವುದಿಲ್ಲ. ಆದರೆ ಇದೇ ಆಕಾರದ, ಇದೇ ಕಂಪನಿಗಳ, ಇಂತಹದೇ ಮರದ ಹಿಡಿಯ .22 ಇಂಚಿನ ನಳಿಗೆಯ ಪಿಸ್ತೂಲುಗಳೂ ಇವೆ. ಅವು ಮದ್ದಿನ ಗುಂಡು ಹಾರಿಸುವ ಬಂದೂಕುಗಳು. ಪರವಾನಗಿ ಇಲ್ಲದೆ ಅವನ್ನು ಮನೆಗೆ ತಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. 5.5 ಮಿಲಿಮೀಟರ್ ನಳಿಗೆ ಹಾಕಿಸಿದ ಏರ್ ಪಿಸ್ತೂಲಿಗೂ, ಶಕ್ತಿ ಹೆಚ್ಚಿಸಿ 20 ಜೂಲ್ ದಾಟಿಸಿದ ಪಿಸ್ತೂಲಿಗೂ ಪರವಾನಗಿ ಬೇಕು. ಯಾರಾದರೂ "ಸ್ವಲ್ಪ ಪವರ್ ಏರಿಸಿದ್ದೇವೆ" ಎಂದು ಹೆಮ್ಮೆಯಿಂದ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಗುರಿಯ ಆಟಕ್ಕೆ ಆ ಶಕ್ತಿಯಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಕಾಗದಪತ್ರವನ್ನೂ ಆಗಲೇ ಕೇಳಬೇಕು. ಮೊದಲ ಖರೀದಿಯ ರಸೀದಿ, ಆಮದಿನ ದಾಖಲೆ, ಮಾರುವವರ ಗುರುತಿನ ಚೀಟಿಯ ಪ್ರತಿ, ಸೀರಿಯಲ್ ಸಂಖ್ಯೆ ನಮೂದಿಸಿದ ಮಾರಾಟ ಪತ್ರ ಇಷ್ಟು ಇರಲಿ. ಕ್ರೀಡಾಪಟುವಿನ ಹೆಸರಿನಲ್ಲಿ ಸುಂಕ ರಿಯಾಯಿತಿ ಪಡೆದು ತಂದ ಪಿಸ್ತೂಲಾದರೆ ಆ ರಿಯಾಯಿತಿಗೆ ಏನು ಷರತ್ತು ಇತ್ತು ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಪೆಟ್ಟಿಗೆ ತೆರೆದೊಡನೆ ನಾನು ಮಾಡಿದ ಮೊದಲ ಕೆಲಸ ನಳಿಗೆ ಖಾಲಿ ಇದೆಯೇ ಎಂದು ನೋಡಿದ್ದು. ಪೆಲೆಟ್ ಇಡುವ ಬಾಯಿ ತೆರೆದು, ನಳಿಗೆಯ ತುಂಬ ಕಿತ್ತಳೆ ಬಣ್ಣದ ಸುರಕ್ಷತಾ ದಾರ ಹಾಯಿಸಿದೆ. ಹುಡುಗಿ ನಾನು ಹೇಳುವ ಮೊದಲೇ ಪಿಸ್ತೂಲಿನ ಮೂತಿಯನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದಳು. ಅವಳಿಗೆ ಕಲಿಸಿದವರು ಚೆನ್ನಾಗಿ ಕಲಿಸಿದ್ದಾರೆ.

ಇನ್ನು ಗುರುತು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲಕ್ಕೆ ತಯಾರಾದ ಚಕಮಕಿ ಪಿಸ್ತೂಲುಗಳ ಮೇಲೆ ಊರಿನ ಹೆಸರು, ವರ್ಷ, ಹುಲಿಪಟ್ಟೆ ಇರುತ್ತಿದ್ದವು. ಇವತ್ತು ಆ ಪಿಸ್ತೂಲುಗಳನ್ನು ಗುರುತಿಸುವವರು ಮೊದಲು ಹುಡುಕುವುದು ಆ ಅಕ್ಷರಗಳನ್ನೇ. ನಮ್ಮ ಕಾಲದ ಕ್ರೀಡಾ ಪಿಸ್ತೂಲೂ ಹಾಗೆಯೇ ತನ್ನ ಜಾತಕವನ್ನು ಮೈಮೇಲೆ ಹೊತ್ತಿರುತ್ತದೆ. ತಿಳಿಯದವರು ನಳಿಗೆಯ ಹೊರಕವಚದ ಮೇಲಿನ ದೊಡ್ಡ ಹೆಸರನ್ನು ಓದಿ ಸುಮ್ಮನಾಗುತ್ತಾರೆ. ಆ ಕವಚವನ್ನು ಕಳಚಿ ಬೇರೆಯದನ್ನು ಹಾಕಬಹುದು, ಬಣ್ಣ ಹೊಡೆಸಬಹುದು. ನಂಬಬೇಕಾದದ್ದು ಒಡಲಿನ ಮೇಲೆ ಕೊರೆದ ಸೀರಿಯಲ್ ಸಂಖ್ಯೆಯನ್ನು. ಅದನ್ನು ರಸೀದಿಯ ಜೊತೆಗೂ, ಕಾರ್ಖಾನೆ ಪೆಟ್ಟಿಗೆಯಲ್ಲಿ ಇಟ್ಟು ಕಳುಹಿಸುವ ಪರೀಕ್ಷಾ ಗುರಿಹಾಳೆಯ ಜೊತೆಗೂ ಹೋಲಿಸಿ. ಆ ಹಾಳೆಯ ಮೇಲೆ ಕಾರ್ಖಾನೆಯಲ್ಲೇ ಹಾರಿಸಿದ ಪೆಲೆಟ್‌ಗಳ ತೂತುಗಳಿರುತ್ತವೆ. ಸಂಖ್ಯೆಯನ್ನು ಉಜ್ಜಿ ಅಳಿಸಿದ್ದರೆ ಮುಂದಿನ ಮಾತೇ ಬೇಡ. ಜರ್ಮನಿಯ ಮಾರುಕಟ್ಟೆಗೆ ತಯಾರಾದ ಪಿಸ್ತೂಲಿನ ಮೇಲೆ ಐದು ಮೂಲೆಯ ಚೌಕಟ್ಟಿನೊಳಗೆ 'ಎಫ್' ಅಕ್ಷರ ಇರುತ್ತದೆ. 7.5 ಜೂಲ್ ಮೀರದ ಶಕ್ತಿಯದು ಎಂದು ಅದರ ಅರ್ಥ.

ಮಾದರಿಯ ಹೆಸರಿನಲ್ಲಿ ಒಂದಂಕಿಯ ವ್ಯತ್ಯಾಸವಿದ್ದರೂ ಬೆಲೆ ಬದಲಾಗುತ್ತದೆ. ಆಸ್ಟ್ರಿಯಾದ ಸ್ಟೈಯರ್ ಕಂಪನಿಯ ಎಲ್‌ಪಿ 10ರ ಒಳಗೆ ಪೆಲೆಟ್ ಹೊರಟಾಗಿನ ಕುಲುಕನ್ನು ಹೀರಿಕೊಳ್ಳುವ ಚಲಿಸುವ ತೂಕವೊಂದಿದೆ, ಎಲ್‌ಪಿ 2ರಲ್ಲಿ ಅದು ಇಲ್ಲ. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಸ್ವಿಟ್ಜರ್ಲೆಂಡಿನ ಮೊರಿನಿ ಸಿಎಂ 162 ಇಐ ಮಾದರಿಯಲ್ಲಿ ಟ್ರಿಗರ್ ವಿದ್ಯುನ್ಮಾನದ್ದು, ಬ್ಯಾಟರಿ ಬೇಕು. ಜರ್ಮನಿಯ ವಾಲ್ಟರ್ ಎಲ್‌ಪಿ 300, ಎಲ್‌ಪಿ 400, ಎಲ್‌ಪಿ 500 ಒಂದರ ನಂತರ ಒಂದಾಗಿ ಬಂದವು. ಹಳೆಯ ಮಾದರಿ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಬಿಡಿಭಾಗ ಸಿಗುತ್ತದೆಯೇ ಎಂಬುದು ಮುಖ್ಯ. 1960ರ ದಶಕದಲ್ಲಿ ಬಂದ ಫೈನ್‌ವೆರ್ಕ್‌ಬೌ 65 ಸ್ಪ್ರಿಂಗಿನ ಬಲದಿಂದ ಹಾರಿಸುವ ಪಿಸ್ತೂಲು. ಅದು ಇವತ್ತಿಗೂ ನಿಖರವಾಗಿ ಹೊಡೆಯುತ್ತದೆ, ಸಿಲಿಂಡರಿನ ಚಿಂತೆಯೇ ಇಲ್ಲ. ಸುಸ್ಥಿತಿಯಲ್ಲಿರುವ ಅಂತಹದೊಂದು ಕಡಿಮೆ ಬೆಲೆಗೆ ಸಿಕ್ಕಿದರೆ ಕಲಿಯುವವರಿಗೆ ನಾನು ಸಂತೋಷದಿಂದ ಕೊಡಿಸುತ್ತೇನೆ.

ಮೇಷ್ಟ್ರು ತಂದ ಪಿಸ್ತೂಲಿನ ಸಂಖ್ಯೆ, ರಸೀದಿ, ಗುರಿಹಾಳೆ ಮೂರೂ ಹೊಂದಿದವು. ಯುವಕ ಪ್ರಾಮಾಣಿಕ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. ಬೆಲೆಯ ವಿಷಯದಲ್ಲಿ ಮಾತ್ರ ಅವರ ಲೆಕ್ಕ ಬೇರೆ, ನನ್ನ ಲೆಕ್ಕ ಬೇರೆ.

ಬೆಲೆಯನ್ನು ಹೆಚ್ಚು ಕುಗ್ಗಿಸುವ ಭಾಗ ಸಿಲಿಂಡರ್. ಇಂದಿನ ಪಿಸ್ತೂಲುಗಳಲ್ಲಿ ನಳಿಗೆಯ ಕೆಳಗೆ ಬೆರಳಿಗಿಂತ ದಪ್ಪನೆಯ ಒಂದು ಕೊಳವೆ ಇರುತ್ತದೆ. ಅದರಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿರುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡೂ ಚಿಲ್ಲರೆ ಬಾರ್ ಎಂದು ನೆನೆದರೆ ಈ ಸಂಖ್ಯೆಯ ಗಾತ್ರ ತಿಳಿಯುತ್ತದೆ. ಆ ಗಾಳಿ ರೆಗ್ಯುಲೇಟರ್ ಎಂಬ ಭಾಗದಲ್ಲಿ ಹಾದು, ಒತ್ತಡ ಇಳಿಸಿಕೊಂಡು, ಒಂದು ಪುಟ್ಟ ಕೋಣೆಯಲ್ಲಿ ನಿಲ್ಲುತ್ತದೆ. ಟ್ರಿಗರ್ ಎಳೆದಾಗ ಒಂದು ಸುತ್ತಿಗೆ ಕವಾಟವನ್ನು ಬಡಿಯುತ್ತದೆ, ಕೋಣೆಯ ಗಾಳಿ ಪೆಲೆಟ್‌ನ ಬೆನ್ನಿಗೆ ತಾಗಿ ಅದನ್ನು ಹೊರದಬ್ಬುತ್ತದೆ. ಒಮ್ಮೆ ತುಂಬಿಸಿದರೆ ನೂರಕ್ಕೂ ಹೆಚ್ಚು ಸಲ ಹಾರಿಸಬಹುದು. ಅಷ್ಟು ಒತ್ತಡವನ್ನು ನೂರಾರು ಸಲ ತುಂಬಿ ಖಾಲಿ ಮಾಡಿದ ಲೋಹಕ್ಕೆ ಆಯಸ್ಸಿದೆ. ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ ಆ ಆಯಸ್ಸು ಹೆಚ್ಚೆಂದರೆ ಹತ್ತು ವರ್ಷ. ತಯಾರಾದ ದಿನಾಂಕ ಸಿಲಿಂಡರಿನ ಮೇಲೆಯೇ ಇರುತ್ತದೆ, ಅವಧಿ ಮುಗಿದಿದ್ದರೆ ಸ್ಪರ್ಧೆಗೆ ತರುವಂತಿಲ್ಲ. ಇದರ ಜವಾಬ್ದಾರಿ ಆಟಗಾರರದ್ದೇ.

ನಮ್ಮ ಮುಂದಿದ್ದ ಪೆಟ್ಟಿಗೆಯಲ್ಲಿ ಎರಡು ಸಿಲಿಂಡರ್‌ಗಳಿದ್ದವು. ಒಂದರ ಅವಧಿ ಮುಗಿದು ಎರಡು ವರ್ಷವಾಗಿತ್ತು, ಇನ್ನೊಂದಕ್ಕೆ ಏಳು ತಿಂಗಳು ಉಳಿದಿತ್ತು. ಮಾರಾಟದ ಪಟ್ಟಿಯಲ್ಲಿ "ಎರಡು ಸಿಲಿಂಡರ್ ಉಚಿತ" ಎಂದು ಬರೆದಿದ್ದರು. ಕೊಳ್ಳುವವರ ಲೆಕ್ಕದಲ್ಲಿ ಅವು ಎರಡೂ ಸೊನ್ನೆ. ಹೊಸ ಸಿಲಿಂಡರಿನ ದರವನ್ನು ಪೂರ್ತಿ ಕಳೆಯಬೇಕು. "ಚೆನ್ನಾಗಿಯೇ ಇದೆಯಲ್ಲ, ಗೀರು ಕೂಡ ಇಲ್ಲ," ಎಂದರು ಮೇಷ್ಟ್ರು. ಒಳಗಿನ ಸವಕಳಿ ಹೊರಗೆ ಕಾಣುವುದಿಲ್ಲ. ಮಗುವಿನ ಮುಖಕ್ಕೆ ಒಂದು ತೋಳಿನ ದೂರದಲ್ಲಿ ಇರುವ ವಸ್ತು ಅದು. ಈ ಒಂದು ವಿಷಯದಲ್ಲಿ ನನ್ನ ಹತ್ತಿರ ರಾಜಿ ಇಲ್ಲ.

ಇಲ್ಲೇ ಇನ್ನೊಂದು ಬಗೆಯ ಮಾರ್ಪಾಡಿನ ಬಗ್ಗೆ ಎಚ್ಚರಿಸಬೇಕು. ಒಂದು ಕಾಲದಲ್ಲಿ ಈ ಪಿಸ್ತೂಲುಗಳು ಇಂಗಾಲದ ಡೈಆಕ್ಸೈಡ್ ಅನಿಲದಿಂದ ಹಾರಿಸುತ್ತಿದ್ದವು. ಸಿಲಿಂಡರಿನಲ್ಲಿ ಆ ಅನಿಲ ದ್ರವವಾಗಿ ಇರುತ್ತದೆ, ಅದರ ಒತ್ತಡವನ್ನು ನಿರ್ಧರಿಸುವುದು ಹವೆಯ ಬಿಸಿ. 20 ಡಿಗ್ರಿಯಲ್ಲಿ ಸುಮಾರು 57 ಬಾರ್ ಇದ್ದದ್ದು 30 ಡಿಗ್ರಿಗೆ ಹೋಗುವ ಹೊತ್ತಿಗೆ 70 ದಾಟುತ್ತದೆ. 31 ಡಿಗ್ರಿ ಮೀರಿದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ. ಮೈಸೂರಿನ ಏಪ್ರಿಲ್ ಮಧ್ಯಾಹ್ನ, ತಗಡಿನ ಸೂರಿನ ಕೆಳಗೆ ಅಂತಹ ಪಿಸ್ತೂಲು ಬೆಳಿಗ್ಗೆ ಒಂದು ಕಡೆ, ಸಂಜೆ ಒಂದು ಕಡೆ ಹೊಡೆಯುತ್ತದೆ. ಅದಕ್ಕಾಗಿಯೇ ಲೋಕವೆಲ್ಲ ಗಾಳಿಯ ಸಿಲಿಂಡರಿಗೆ ಬದಲಾಯಿತು. ಹಳೆಯ ಅನಿಲದ ಪಿಸ್ತೂಲುಗಳನ್ನು ಗಾಳಿಗೆ ಪರಿವರ್ತಿಸಿ ಮಾರುವುದೂ ಶುರುವಾಯಿತು. ಸರಿಯಾದ ರೆಗ್ಯುಲೇಟರ್ ಹಾಕಿ, ಕವಾಟ ಬದಲಿಸಿ, ಬಲ್ಲವರು ಮಾಡಿದ ಪರಿವರ್ತನೆ ಸುರಕ್ಷಿತ. ಲೇತ್ ಮೇಲೆ ಒಂದು ಜೋಡಣೆ ತಿರುಗಿಸಿ, ಅರವತ್ತು ಎಪ್ಪತ್ತು ಬಾರ್‌ಗೆಂದು ಮಾಡಿದ ಒಡಲಿಗೆ 200 ಬಾರ್ ಸಿಲಿಂಡರ್ ಹೊಂದಿಸಿದ್ದರೆ ಅದನ್ನು ಮುಟ್ಟಬೇಡಿ. ಹೆಬ್ಬಾಳ, ಮೇಟಗಳ್ಳಿ ಕಡೆಯ ಕೈಗಾರಿಕಾ ಪ್ರದೇಶಗಳಲ್ಲಿ ಕೂದಲೆಳೆಯ ಅಳತೆಗೆ ಲೋಹ ತಿರುಗಿಸುವ ನುರಿತ ಕೆಲಸಗಾರರು ಇದ್ದಾರೆ, ಅವರ ಕೈಯ ಬಗ್ಗೆ ನನಗೆ ಗೌರವವಿದೆ. ಆದರೆ ಒತ್ತಡ ತಡೆಯುವ ಭಾಗಕ್ಕೆ ಅಳತೆಯೊಂದೇ ಸಾಲದು. ಲೋಹದ ಗುಣ, ಪರೀಕ್ಷೆ, ಪ್ರಮಾಣಪತ್ರ ಇವೆಲ್ಲ ಬೇಕು.

ಈಗ ಹಿಡಿಯ ವಿಷಯ. ಆ ಪೆಟ್ಟಿಗೆಯಲ್ಲಿ ಕಣ್ಣು ಸೆಳೆಯುತ್ತಿದ್ದುದೇ ಅದು. ಮೈಸೂರಿನ ಬೀಟೆ ಮರದ ಕುಸುರಿ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಕಪ್ಪು ಮರದಲ್ಲಿ ತಿಳಿ ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಬರೆಯುವ ಕೈಗಳು ಈ ಊರಿನಲ್ಲಿವೆ. ಯುವಕ ಅಂತಹ ಕುಶಲಕರ್ಮಿಯೊಬ್ಬರ ಪಕ್ಕದಲ್ಲಿ ದಿನಗಟ್ಟಲೆ ಕೂತು, ತಮ್ಮ ಅಂಗೈಯ ಅಳತೆಗೆ ತಕ್ಕಂತೆ ಹಿಡಿ ಕೆತ್ತಿಸಿದ್ದರು. ಅದರ ಹೊರಬದಿಯಲ್ಲಿ ಅಂಬಾರಿ ಹೊತ್ತ ಆನೆ ಇತ್ತು. ನಾನು ನೋಡಿದ ಹಿಡಿಗಳಲ್ಲೆಲ್ಲ ಅತ್ಯಂತ ಸುಂದರವಾದದ್ದು ಅದೇ ಎಂದು ಮನಸಾರೆ ಹೇಳುತ್ತೇನೆ. ಹುಡುಗಿ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

ಸ್ಪರ್ಧೆಯ ಪಿಸ್ತೂಲಿನಲ್ಲಿ ಹಿಡಿ ಎಂದರೆ ಪಾದಕ್ಕೆ ಚಪ್ಪಲಿ ಇದ್ದಂತೆ. ಕಾರ್ಖಾನೆಗಳು ಚಿಕ್ಕದು, ಮಧ್ಯಮ, ದೊಡ್ಡದು ಎಂಬ ಅಳತೆಗಳಲ್ಲಿ, ಎಡಗೈಗೂ ಬಲಗೈಗೂ ಬೇರೆ ಬೇರೆಯಾಗಿ ಮಾಡಿ ಕೊಡುತ್ತವೆ. ಟಿಪ್ಪುವಿನ ಪಿಸ್ತೂಲುಗಳಲ್ಲಿಯೂ ಕೆಲವು ಜೋಡಿಗಳು ಹೀಗೆಯೇ ಇವೆ, ಒಂದರ ಚಾಪು (ಕಿಡಿ ಹೊತ್ತಿಸುವ ಭಾಗ) ಬಲಕ್ಕೆ, ಇನ್ನೊಂದರದ್ದು ಎಡಕ್ಕೆ. ಇಷ್ಟಾದ ಮೇಲೂ ಗಂಭೀರವಾಗಿ ಆಡುವವರು ಹಿಡಿಯನ್ನು ಅರದಿಂದ ಉಜ್ಜುತ್ತಾರೆ, ತಗ್ಗು ಇದ್ದಲ್ಲಿ ಮರದ ಪುಟ್ಟಿ ತುಂಬುತ್ತಾರೆ. ಜರ್ಮನಿಯ ರಿಂಕ್‌ನಂತಹ ಹೆಸರಾಂತ ತಯಾರಕರಿಂದ ತಮ್ಮ ಅಂಗೈಯ ಅಳತೆ ಕಳುಹಿಸಿ ಮಾಡಿಸಿಕೊಳ್ಳುವವರೂ ಇದ್ದಾರೆ. ಹೀಗೆ ಒಬ್ಬರ ಕೈಗೆ ಎಷ್ಟು ಹೆಚ್ಚು ಹೊಂದುತ್ತದೆಯೋ ಇನ್ನೊಬ್ಬರ ಕೈಗೆ ಅದು ಅಷ್ಟೇ ದೂರವಾಗುತ್ತದೆ. ಮಾರ್ಪಾಡಿನ ಬೆಲೆಯ ಗುಟ್ಟೆಲ್ಲ ಇಲ್ಲಿದೆ: ಮಾಡಿಸಿದವರು ಕೊಟ್ಟ ಹಣ ಅವರ ಖರ್ಚು. ಕೊಳ್ಳುವವರು ಲೆಕ್ಕ ಹಾಕಬೇಕಾದದ್ದು ಅದನ್ನು ತಮಗೆ ಹೊಂದಿಸಿಕೊಳ್ಳಲು ಇನ್ನೆಷ್ಟು ಬೇಕು ಎಂಬುದನ್ನು.

ಹೊಂದುತ್ತದೆಯೇ ಎಂದು ನೋಡಲು ಒಂದು ಸರಳ ಪರೀಕ್ಷೆ ಇದೆ. ಪಿಸ್ತೂಲನ್ನು ಸಹಜವಾಗಿ ಹಿಡಿದು, ಕಣ್ಣು ಮುಚ್ಚಿ, ಕೈಯನ್ನು ಗುರಿಯ ಎತ್ತರಕ್ಕೆ ಏರಿಸಬೇಕು. ಒಂದೆರಡು ಉಸಿರು ಕಳೆದ ಮೇಲೆ ಕಣ್ಣು ತೆರೆದರೆ ಮುಂದಿನ ಸೈಟ್ ಹಿಂದಿನ ಸೈಟಿನ ಸೀಳಿನ ನಡುವೆ ತಾನಾಗಿಯೇ ಕೂತಿರಬೇಕು. ಹುಡುಗಿ ಐದು ಸಲ ಮಾಡಿದಳು. ಐದೂ ಸಲ ಮುಂದಿನ ಸೈಟ್ ಎಡಕ್ಕೆ ಸರಿದು, ಸೀಳಿನ ಅಂಚಿಗೆ ತಾಗಿ ನಿಂತಿತ್ತು. ಅವಳು ಮಣಿಕಟ್ಟು ತಿರುಗಿಸಿ ಸರಿಮಾಡಿಕೊಳ್ಳಬಹುದಿತ್ತು. ಆದರೆ ಸ್ಪರ್ಧೆಯ 75 ನಿಮಿಷದಲ್ಲಿ 60 ಸಲ ಹಾಗೆ ತಿರುಗಿಸುತ್ತಾ ಹೋದರೆ ಕೈ ಸೋಲುತ್ತದೆ, ಹತ್ತು ಅಂಕ ಒಂಬತ್ತಾಗುತ್ತದೆ, ಒಂಬತ್ತು ಎಂಟಾಗುತ್ತದೆ. ಹತ್ತು ಅಂಕ ಕೊಡುವ ಹತ್ತರ ವೃತ್ತದ ಅಡ್ಡಳತೆ ಕೇವಲ 11.5 ಮಿಲಿಮೀಟರ್.

ಇದರ ಮೇಲೆ ನಿಯಮದ ಅಳತೆ ಇದೆ. ಪಿಸ್ತೂಲು 420 ಮಿಲಿಮೀಟರ್ ಉದ್ದ, 200 ಎತ್ತರ, 50 ಅಗಲದ ಪೆಟ್ಟಿಗೆಯೊಳಗೆ ಹಿಡಿಸಬೇಕು. ತೂಕ 1,500 ಗ್ರಾಂ ಮೀರಬಾರದು. ಹಿಡಿ ಅಂಗೈಯನ್ನು ದಾಟಿ ಮಣಿಕಟ್ಟಿಗೆ ಆಸರೆ ಕೊಡಬಾರದು, ಅಂಗೈ ಕೂರುವ ಕೆಳಗಿನ ಕಟ್ಟೆ ಮೇಲಕ್ಕೆ ಬಾಗಿ ಕೈಯನ್ನು ಅಪ್ಪಿಕೊಳ್ಳಬಾರದು. ನಾನು ಅಳತೆ ಕಡ್ಡಿ ತಂದು ಹಿಡಿಯ ಅಗಲ ನೋಡಿದೆ. ಆನೆಯ ಬೆನ್ನ ಮೇಲಿನ ಅಂಬಾರಿಯ ಬಳಿ 52 ಮಿಲಿಮೀಟರ್ ಇತ್ತು. ಕ್ಲಬ್ಬಿನ ಅಭ್ಯಾಸದಲ್ಲಿ ಯಾರೂ ಅಳೆಯುವುದಿಲ್ಲವಾದ್ದರಿಂದ ಯುವಕರಿಗೆ ಅದು ಗೊತ್ತಾಗಿರಲಿಲ್ಲ. ಸ್ಪರ್ಧೆಯ ತಪಾಸಣೆಯ ಮೇಜಿನಲ್ಲಿ ಆ ಎರಡು ಮಿಲಿಮೀಟರ್‌ಗೆ ಪಿಸ್ತೂಲು ಹೊರಗೇ ನಿಲ್ಲುತ್ತದೆ. ಉಜ್ಜಿ ತೆಗೆಯಬೇಕೆಂದರೆ ಅಂಬಾರಿಯೇ ಹೋಗುತ್ತದೆ. ನನಗೆ ಆ ಯೋಚನೆಯೇ ಸಂಕಟ ತಂದಿತು. ಇನ್ನು ಬೀಟೆ ಮರ ಕಾರ್ಖಾನೆಯವರು ಬಳಸುವ ವಾಲ್‌ನಟ್ ಮರಕ್ಕಿಂತ ಭಾರ. ಒಟ್ಟು ತೂಕ ಮಿತಿಯೊಳಗೇ ಇದ್ದರೂ ಭಾರ ಹಿಂದಕ್ಕೆ ಸರಿದು ಮೂತಿ ಹಗುರವಾಗಿತ್ತು. ಹಗುರವಾದ ಮೂತಿ ಹೆಚ್ಚು ಅಲುಗುತ್ತದೆ.

"ಹಾಗಾದರೆ ಮೊದಲಿನ ಹಿಡಿ ಎಲ್ಲಿ?" ಎಂದು ಕೇಳಿದಳು ಹುಡುಗಿ. ಬಳಸಿದ ಪಿಸ್ತೂಲು ಕೊಳ್ಳುವ ಪ್ರತಿಯೊಬ್ಬರೂ ಕೇಳಬೇಕಾದ ಪ್ರಶ್ನೆ ಅದು. ಪೆಟ್ಟಿಗೆಯಲ್ಲಿ ಅದು ಇರಲಿಲ್ಲ.

ಟ್ರಿಗರ್ ವಿಷಯಕ್ಕೆ ಬರೋಣ. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನು ತಡೆಯಬೇಕು. ಮೂತಿಯನ್ನು ನೇರ ಮೇಲಕ್ಕೆ ಮಾಡಿ, ಟ್ರಿಗರ್‌ಗೆ ತೂಕ ತೂಗುಹಾಕಿ ಎತ್ತುತ್ತಾರೆ. ತೂಕ ಎದ್ದರೆ ಸರಿ, ಎತ್ತುವಾಗಲೇ ಟ್ರಿಗರ್ ಬಿಟ್ಟುಕೊಟ್ಟರೆ ತಪ್ಪು. ಮೆತ್ತಗಿರಲಿ ಎಂದು ಅದರೊಳಗಿನ ಕೊಂಡಿಗಳ ಅಂಚನ್ನು ಉಜ್ಜಿದವರನ್ನು ನಾನು ಕಂಡಿದ್ದೇನೆ. ಸ್ಕ್ರೂ ತಿರುಗಿಸಿ ಹಗುರ ಮಾಡಿದ್ದರೆ ಮತ್ತೆ ತಿರುಗಿಸಿ ಭಾರ ಮಾಡಬಹುದು, ಅದಕ್ಕೆ ಒಂದು ರೂಪಾಯಿಯೂ ಕಳೆಯಬೇಕಿಲ್ಲ. ಕೊಂಡಿಯನ್ನೇ ಉಜ್ಜಿದ್ದರೆ ಭಾಗ ಬದಲಾಯಿಸಬೇಕು, ಅಲ್ಲಿಯವರೆಗೆ ಪಿಸ್ತೂಲು ತಾನಾಗಿಯೇ ಹಾರುವ ಭಯವೂ ಇರುತ್ತದೆ. ನಮ್ಮದರಲ್ಲಿ ತೂಕ 430 ಗ್ರಾಂಗೇ ಬಿಟ್ಟಿತು. ಸ್ಕ್ರೂವನ್ನು ಎರಡು ಸುತ್ತು ಬಿಗಿ ಮಾಡಿದಾಗ 510 ಗ್ರಾಂ ನಿಂತಿತು, ಹತ್ತು ಸಲ ಎತ್ತಿದರೂ ನಿಂತಿತು. ಕೊಂಡಿ ಕೆಟ್ಟಿಲ್ಲ ಎಂದು ನಿಟ್ಟುಸಿರು ಬಿಟ್ಟೆ. ವಿದ್ಯುನ್ಮಾನ ಟ್ರಿಗರ್ ಇರುವ ಪಿಸ್ತೂಲಾದರೆ ಬ್ಯಾಟರಿಯ ಗೂಡಿನಲ್ಲಿ ಹಸಿರು ಕಿಲುಬು ಇದೆಯೇ ನೋಡಿ, ಐವತ್ತು ಸಲ ಖಾಲಿ ಎಳೆದು ಒಮ್ಮೆಯೂ ತಪ್ಪುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ. 2021ರ ಟೋಕಿಯೋ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು, ದುರಸ್ತಿಯಲ್ಲಿ ಅಮೂಲ್ಯ ನಿಮಿಷಗಳು ಕಳೆದುಹೋದವು. 575 ಅಂಕ ಗಳಿಸಿದರೂ 12ನೆಯ ಸ್ಥಾನ ಬಂದು ಫೈನಲ್ ತಪ್ಪಿತು. ಮೂರು ವರ್ಷದ ನಂತರ ಪ್ಯಾರಿಸ್‌ನಲ್ಲಿ ಅವರು ಇದೇ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದು ನಮಗೆಲ್ಲ ನೆನಪಿದೆ. ಮೇಷ್ಟ್ರ ಮಗಳ ಕೋಣೆಯ ಗೋಡೆಯ ಮೇಲೆ ಅದರ ಪತ್ರಿಕಾ ಚಿತ್ರ ಇದೆಯಂತೆ.

ಸೈಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಿಂದಿನ ಸೈಟಿನ ಸೀಳನ್ನು ಅಗಲ, ಕಿರಿದು ಮಾಡಿಕೊಳ್ಳುವ ಸೌಲಭ್ಯ ಯಾರ ಕಣ್ಣಿಗಾದರೂ ಉಪಯೋಗವೇ. ಮಾರ್ಪಾಡುಗಳಲ್ಲಿ ಬೆಲೆಗೆ ಸ್ವಲ್ಪವಾದರೂ ಕೂಡಿಸಬಹುದಾದದ್ದು ಇದೊಂದೇ. ಮಸೂರ, ಕೆಂಪು ಚುಕ್ಕಿಯ ಸೈಟ್ ಹಾಕಿಸಿದ್ದರೆ ಅದು ಈ ಸ್ಪರ್ಧೆಗೆ ನಿಷಿದ್ಧ, ಅದಕ್ಕಾಗಿ ಒಡಲಿಗೆ ತೂತು ಕೊರೆದಿದ್ದರೆ ಬೆಲೆ ಇಳಿಸಿ. ನಳಿಗೆಗೆ ಕಾರ್ಖಾನೆಯೇ ಕೊರೆದ ರಂಧ್ರಗಳಿರುವ ಮಾದರಿಗಳಿವೆ. ಆಮೇಲೆ ಕೊರೆಸಿದ್ದಾದರೆ ಒಳಗೆ ಲೋಹದ ಮುಳ್ಳು ಉಳಿದು ಪೆಲೆಟ್ಟನ್ನು ಗೀರುತ್ತದೆ. ಹತ್ತಿಯ ಉಂಡೆಯೊಂದನ್ನು ನಳಿಗೆಯಲ್ಲಿ ತಳ್ಳಿ ನೋಡಿ, ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳಿದೆ ಎಂದರ್ಥ.

ಮಾರನೆಯ ದಿನ ಬೆಳಿಗ್ಗೆ ಕ್ಲಬ್ಬಿಗೆ ಹೋದೆವು. ವೇಗಮಾಪಕದ ಮುಂದೆ ಹಾರಿಸಿದ ಮೊದಲ ಪೆಲೆಟ್ ಸೆಕೆಂಡಿಗೆ 158 ಮೀಟರ್ ತೋರಿಸಿತು. ನಂತರದ ಹತ್ತೂ 146ರಿಂದ 149ರ ನಡುವೆ ಇದ್ದವು. ಹತ್ತು ಹೊಡೆತಗಳ ಅಂತರ ಮೂರು ಮೀಟರ್ ಎಂದರೆ ಒಳ್ಳೆಯದು. ಆದರೆ ರಾತ್ರಿಯೆಲ್ಲ ಸುಮ್ಮನಿದ್ದ ಪಿಸ್ತೂಲಿನ ಮೊದಲ ಹೊಡೆತ ಅಷ್ಟು ಜೋರಾಗಿ ಬಂದದ್ದು ಒಂದು ರೋಗದ ಲಕ್ಷಣ. ರೆಗ್ಯುಲೇಟರಿನ ರಬ್ಬರ್ ಸೀಲು ಸವೆದು, ಸಿಲಿಂಡರಿನ ಗಾಳಿ ನಿಧಾನವಾಗಿ ಒಳಕೋಣೆಗೆ ಜಿನುಗಿ ಒತ್ತಡ ಏರಿಸಿರುತ್ತದೆ. ಮಾರುವವರ ಮನೆಯಲ್ಲಿ ಹತ್ತು ನಿಮಿಷ ನೋಡಿ ಕೊಂಡಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಸಾಧ್ಯವಾದರೆ ಒಂದು ರಾತ್ರಿ ಕಾದು ಪರೀಕ್ಷಿಸಿ. ಸೀಲು ಬದಲಾಯಿಸುವುದು ದೊಡ್ಡ ಖರ್ಚಲ್ಲ, ಆದರೆ ಖರ್ಚೇ.

ಕೊನೆಗೆ ಪಿಸ್ತೂಲನ್ನು ಕಟ್ಟೆಗೆ ಬಿಗಿದು ಹತ್ತು ಮೀಟರ್ ದೂರಕ್ಕೆ ಹತ್ತು ಪೆಲೆಟ್ ಹಾರಿಸಿದೆವು. ಹತ್ತೂ ಸೇರಿ ಕೊರೆದ ತೂತಿನ ಹೊರ ಅಳತೆ 8 ಮಿಲಿಮೀಟರ್ ಇತ್ತು, ಹತ್ತರ ವೃತ್ತದೊಳಗೆ ಆರಾಮವಾಗಿ ಹಿಡಿಸುವಷ್ಟು. ಕಾರ್ಖಾನೆಯ ಗುರಿಹಾಳೆಯ ಮೇಲಿಟ್ಟು ನೋಡಿದಾಗ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನಳಿಗೆಯ ಆರೋಗ್ಯ ಚೆನ್ನಾಗಿದೆ. ಈ ಮಾತನ್ನು ಮೇಷ್ಟ್ರಿಗೆ ಹೇಳುವಾಗ ನನಗೂ ಸಂತೋಷವಾಯಿತು, ಏಕೆಂದರೆ ಉಳಿದದ್ದನ್ನೆಲ್ಲ ಹಣದಿಂದ ಸರಿಪಡಿಸಬಹುದು.

ಈಗ ಲೆಕ್ಕ. ರೂಪಾಯಿಯ ಅಂಕಿ ವರ್ಷವರ್ಷವೂ ಬದಲಾಗುವುದರಿಂದ ಹೊಸ ಪಿಸ್ತೂಲಿನ ಬೆಲೆಯನ್ನು ನೂರು ಎಂದು ಇಟ್ಟುಕೊಳ್ಳುತ್ತೇನೆ. ಹನ್ನೆರಡು ವರ್ಷ ಹಳೆಯ, ಬಿಡಿಭಾಗ ಇನ್ನೂ ಸಿಗುವ, ನಳಿಗೆ ಚೆನ್ನಾಗಿರುವ, ಕಾಗದಪತ್ರ ಸರಿ ಇರುವ ಪಿಸ್ತೂಲು ಕಾರ್ಖಾನೆಯಿಂದ ಬಂದ ರೂಪದಲ್ಲೇ ಇದ್ದಿದ್ದರೆ ನಾನು 55ಕ್ಕೆ ಒಪ್ಪುತ್ತಿದ್ದೆ. ಇದು ನನ್ನ ಅನುಭವದ ಅಂದಾಜು, ಬೇರೆಯವರು ಐದು ಹೆಚ್ಚೋ ಕಡಿಮೆಯೋ ಹೇಳಬಹುದು. ಅಲ್ಲಿಂದ ಹೊಸ ಸಿಲಿಂಡರಿಗೆ 12 ಕಳೆದೆ. ಸೀಲುಗಳ ಬದಲಾವಣೆಗೆ ಮತ್ತು ಸರ್ವಿಸಿಗೆ 5. ಹುಡುಗಿಯ ಕೈಗೆ ಹೊಂದುವ ಹೊಸ ಹಿಡಿಗೆ 10. ಸೈಟ್ ಒಳ್ಳೆಯದಿದ್ದುದಕ್ಕೆ 3 ಕೂಡಿಸಿದೆ. ಬಂದದ್ದು 31. ಕೇಳಿದ್ದು 75.

ಮೇಷ್ಟ್ರು ಬಹಳ ಹೊತ್ತು ಆ ಚೀಟಿ ನೋಡಿದರು. "ಇಷ್ಟು ಕಡಿಮೆ ಹೇಳಿದರೆ ಅವರಿಗೆ ಅವಮಾನವಾಗುವುದಿಲ್ಲವೇ ಸಾರ್?" ಎಂದರು. ಚೌಕಾಸಿ ಮಾಡಬೇಡಿ, ಈ ಚೀಟಿಯನ್ನೇ ಕೊಡಿ ಎಂದೆ. ಬರಿಯ ಅಂಕಿ ಹೇಳಿದರೆ ಜಗಳವಾಗುತ್ತದೆ. ಸಿಲಿಂಡರಿನ ದಿನಾಂಕ, ಅಗಲದ 52 ಮಿಲಿಮೀಟರ್, ಮೊದಲ ಹೊಡೆತದ 158 ಎಲ್ಲವೂ ಬರೆದಿದ್ದರೆ ಮಾತುಕತೆಗೆ ನೆಲ ಸಿಗುತ್ತದೆ. ಸಂಜೆ ನಾವೇ ಕುವೆಂಪುನಗರಕ್ಕೆ ಹೋದೆವು. ಯುವಕ ಚೀಟಿ ಓದಿದರು, ಹಿಡಿಯನ್ನು ತಾವೇ ಅಳೆದು ನೋಡಿದರು. ಮುಖ ಸಪ್ಪೆಯಾಯಿತು. ಅವರು ಆ ಹಿಡಿಗೆ ಕೊಟ್ಟ ಹಣ, ಇಟ್ಟ ಪ್ರೀತಿ ಎರಡೂ ನನಗೆ ಅರ್ಥವಾಗುತ್ತಿತ್ತು. "ಹಿಡಿಯನ್ನು ನೀವೇ ಇಟ್ಟುಕೊಳ್ಳಿ, ಅದನ್ನು ಕೊಂಡು ಉಜ್ಜುವ ಮನಸ್ಸು ನಮಗೂ ಇಲ್ಲ," ಎಂದೆ. ಕಾರ್ಖಾನೆಯ ಹಿಡಿ ಸಿಕ್ಕಿದರೆ ಹತ್ತನ್ನು ಮತ್ತೆ ಸೇರಿಸುತ್ತೇವೆ ಎಂದೂ ಹೇಳಿದೆ.

ಅವರ ತಾಯಿ ಒಳಗಿನಿಂದ, "ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿ ಏನೋ ಮರದ್ದು ಇದೆ ನೋಡಪ್ಪ," ಎಂದರು. ಏಣಿ ಹಾಕಿ ಹತ್ತಿದರು. ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟಿದ್ದ ವಾಲ್‌ನಟ್ ಹಿಡಿ, ಪುಟ್ಟಿ ತಾಗದ್ದು, ಅರ ಮುಟ್ಟದ್ದು. ಹದಿನಾಲ್ಕನೆಯ ವಯಸ್ಸಿನಲ್ಲಿ ಆಟ ಶುರು ಮಾಡಿದ್ದರಂತೆ, ಹಾಗಾಗಿ ತರಿಸಿಕೊಂಡದ್ದು ಚಿಕ್ಕ ಅಳತೆಯದು. ಒಂದೇ ಸ್ಕ್ರೂ ಬಿಚ್ಚಿ ಆನೆಯ ಹಿಡಿಯನ್ನು ತೆಗೆದು, ಆ ಡಬ್ಬಿಯ ಹಿಡಿಯನ್ನು ಕೂರಿಸಿದರು. 41ಕ್ಕೆ ಮಾತು ಮುಗಿಯಿತು, ಅವಧಿ ಮುಗಿದ ಸಿಲಿಂಡರನ್ನು ಗಾಳಿ ಖಾಲಿ ಮಾಡಿ ಅಡ್ಡಲಾಗಿ ಕತ್ತರಿಸಿ ಎಸೆಯುವುದಾಗಿ ಅವರೇ ಒಪ್ಪಿಕೊಂಡರು.

ಹುಡುಗಿ ನಡುಮನೆಯ ಗೋಡೆಯ ಕಡೆಗೆ ನಿಂತು, ಪಿಸ್ತೂಲು ಹಿಡಿದು, ಕಣ್ಣು ಮುಚ್ಚಿ ಕೈ ಎತ್ತಿದಳು. ಎರಡು ಉಸಿರು ಕಳೆದು ಕಣ್ಣು ತೆರೆದಾಗ ಕೈ ಕದಲಿಸದೆ, "ನಡುವೆಯೇ ಇದೆ ಅಣ್ಣ," ಎಂದು ಆ ಯುವಕರಿಗೆ ಹೇಳಿದಳು.